ಕೊಟ್ಟವಳ ಹೆಸರಿಲ್ಲದ ದಾನ

ಬೇರೆಯವರಿಗೆ ಸ್ವಿಟ್ಜರ್‌ಲೆಂಡ್ ಅಂದರೆ ಹಿಮ, ಚಾಕೊಲೇಟ್, ಹಳೆಯ ಹಿಂದಿ ಸಿನಿಮಾದ ಹಾಡು. ಸಿವಿಲ್ ಎಂಜಿನಿಯರಿಂಗ್ ಓದುವ ನಮಗೆ ಗೊಥಾರ್ಡ್ ಸುರಂಗ. 1872ರಲ್ಲಿ ಕೆಲಸ ಶುರುವಾಗಿ 1882ರಲ್ಲಿ ರೈಲು ಓಡಿದ, ಆಲ್ಪ್ಸ್ ಪರ್ವತವನ್ನು ಕೊರೆದು ಸಾಗುವ 15 ಕಿಲೋಮೀಟರ್ ಉದ್ದದ ಸುರಂಗ ಅದು. ಉತ್ತರದ ಗೋಷೆನೆನ್ ಕಡೆಯಿಂದ ಒಂದು ತಂಡ, ದಕ್ಷಿಣದ ಐರೋಲೊ ಕಡೆಯಿಂದ ಇನ್ನೊಂದು ತಂಡ ಅಗೆಯುತ್ತಾ ಬಂದು 1880ರ ಫೆಬ್ರುವರಿ ಕೊನೆಯಲ್ಲಿ ಬೆಟ್ಟದ ಒಳಗೆ ಸಂಧಿಸಿದವು. ಆಗ ಎರಡು ಕಡೆಯ ಅಗೆತಕ್ಕೂ ಇದ್ದ ವ್ಯತ್ಯಾಸ ಅಡ್ಡಕ್ಕೆ 33 ಸೆಂಟಿಮೀಟರ್, ಎತ್ತರದಲ್ಲಿ 5 ಸೆಂಟಿಮೀಟರ್ ಅಷ್ಟೆ. ಟೋಟಲ್ ಸ್ಟೇಷನ್ ಇಟ್ಟುಕೊಂಡೂ ಸರ್ವೆ ಕ್ಯಾಂಪಿನಲ್ಲಿ ಟ್ರಾವರ್ಸ್ ಹೊಂದಿಸಲು ಒದ್ದಾಡುವ ನಮಗೆ ಈ ಲೆಕ್ಕ ಕೇಳಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಆ ಸಾಧನೆಗೆ ತೆತ್ತ ಬೆಲೆಯೂ ಸಣ್ಣದಲ್ಲ. ಒಳಗೆ ದುಡಿದವರಲ್ಲಿ ಹೆಚ್ಚಿನವರು ಇಟಲಿಯಿಂದ ಬಂದ ಬಡ ಕೂಲಿಗಳು. ಸುಮಾರು 200 ಮಂದಿ ಅಪಘಾತಗಳಲ್ಲಿ ಸತ್ತರು. 1875ರಲ್ಲಿ ಗೋಷೆನೆನ್‌ನಲ್ಲಿ ಮುಷ್ಕರ ಹೂಡಿದವರ ಮೇಲೆ ಗುಂಡು ಹಾರಿ ನಾಲ್ವರು ಪ್ರಾಣ ಕಳೆದುಕೊಂಡರು. ಗುತ್ತಿಗೆದಾರ ಲೂಯಿ ಫಾವ್ರ್ 1879ರಲ್ಲಿ ತಾನು ಕೊರೆಸುತ್ತಿದ್ದ ಸುರಂಗದ ಒಳಗೇ ಕುಸಿದು ತೀರಿಹೋದ.

ಈ ಸುರಂಗದ ಬಗ್ಗೆ ಸೆಮಿನಾರ್‌ಗೆಂದು ಓದುತ್ತಾ ಹೋದಾಗ ಮೊದಲು ಸಿಕ್ಕಿದ್ದು ಅದರ ಹಿಂದಿನ ದೊಡ್ಡ ತಲೆ, ಆಲ್‌ಫ್ರೆಡ್ ಎಷರ್. ಆಮೇಲೆ ಸಿಕ್ಕವಳು ಆತನ ಮಗಳು ಲಿಡಿಯಾ. ಸೆಮಿನಾರ್ ಮುಗಿದು ಮಾರ್ಕ್ಸ್ ಬಂದ ಮೇಲೂ ತಲೆಯಲ್ಲಿ ಉಳಿದವಳು ಆಕೆಯೇ. ಸ್ವಿಟ್ಜರ್‌ಲೆಂಡಿನ ಮ್ಯೂಸಿಯಂಗಳಲ್ಲಿ ಇವತ್ತು ಜನ ನಿಂತು ನೋಡುವ ಸಾವಿರಾರು ಕಲಾಕೃತಿಗಳು ಆಕೆ ಬಿಟ್ಟುಹೋದ ಆಸ್ತಿಯ ಕಾರಣಕ್ಕೆ ಅಲ್ಲಿವೆ. ಆದರೂ ಆಕೆಯ ಹೆಸರು ಬಲ್ಲವರು ಕಡಿಮೆ.

ಬೆಲ್ವುವಾರ್ ಮನೆಯ ಹುಡುಗಿ

ಅಪ್ಪನ ಬಗ್ಗೆ ಎರಡು ಮಾತು ಹೇಳದಿದ್ದರೆ ಮಗಳ ಕತೆ ಅರ್ಥವಾಗುವುದಿಲ್ಲ. ಎಷರ್ ಜ್ಯೂರಿಕ್‌ನ ರಾಜಕಾರಣಿ, ರೈಲ್ವೆ ಉದ್ಯಮಿ. ಎಂ.ಎಸ್. ಕನಸು ಕಾಣುವ ನಮ್ಮ ಸೀನಿಯರ್‌ಗಳ ಪಟ್ಟಿಯಲ್ಲಿ ಸದಾ ಮೇಲಿರುವ, ಐನ್‌ಸ್ಟೈನ್ ಓದಿದ ಇಟಿಎಚ್ ಜ್ಯೂರಿಕ್ 1855ರಲ್ಲಿ ಶುರುವಾಗಲು ದುಡಿದವರಲ್ಲಿ ಆತ ಪ್ರಮುಖ. ರೈಲು ಮಾರ್ಗಕ್ಕೆ ಬಂಡವಾಳ ಬೇಕೆಂದು 1856ರಲ್ಲಿ ಒಂದು ಬ್ಯಾಂಕ್ ಕಟ್ಟಿದ. ಅದೇ ಮುಂದೆ ಕ್ರೆಡಿಟ್ ಸ್ವೀಸ್ ಆಯಿತು. 2023ರಲ್ಲಿ ಮುಳುಗುವ ಹಂತಕ್ಕೆ ಬಂದು ಯುಬಿಎಸ್ ಪಾಲಾಯಿತಲ್ಲ, ಅದೇ ಬ್ಯಾಂಕ್.

ಲಿಡಿಯಾ ಹುಟ್ಟಿದ್ದು 1858ರ ಜುಲೈ 10ರಂದು. ಜ್ಯೂರಿಕ್ ಸರೋವರದ ದಂಡೆಯಲ್ಲಿ ಅಜ್ಜ ಕಟ್ಟಿಸಿದ ಬೆಲ್ವುವಾರ್ ಎಂಬ ಬಂಗಲೆ, ಸುತ್ತ ದೊಡ್ಡ ತೋಟ. ತಂಗಿ ಕೂಸಾಗಿದ್ದಾಗಲೇ ಹೋದಳು. ಲಿಡಿಯಾಗೆ ಆರು ತುಂಬುವ ಹೊತ್ತಿಗೆ ತಾಯಿಯೂ ಇಲ್ಲವಾದಳು. ಅಪ್ಪ ಮತ್ತೆ ಮದುವೆಯಾಗಲಿಲ್ಲ. ಹುಡುಗಿ ಸ್ವಲ್ಪ ದೊಡ್ಡವಳಾಗುತ್ತಿದ್ದಂತೆ ಮನೆಯ ಯಜಮಾನಿಕೆ ಆಕೆಯ ಹೆಗಲಿಗೆ ಬಂತು. ಬಂದವರನ್ನು ಸತ್ಕರಿಸುವುದು, ಅಪ್ಪನ ಪತ್ರ ವ್ಯವಹಾರ ನೋಡುವುದು, ಕಾಯಿಲೆ ಬಿದ್ದಾಗ ಆರೈಕೆ ಮಾಡುವುದು ಎಲ್ಲ ಆಕೆಯದೇ. ದೇಶದ ಮಂತ್ರಿಗಳು, ಬ್ಯಾಂಕಿನವರು, ಎಂಜಿನಿಯರ್‌ಗಳು ಬಂದು ಕೂತು ಮಾತಾಡುವ ಮನೆ ಅದು. ಬರುತ್ತಿದ್ದವರಲ್ಲಿ ಲೇಖಕ ಗಾಟ್‌ಫ್ರೀಡ್ ಕೆಲ್ಲರ್ ಕೂಡ ಒಬ್ಬ. ಚಿತ್ರಕಾರನಾಗಬೇಕೆಂದು ಮ್ಯೂನಿಕ್‌ಗೆ ಹೋಗಿ ಕೈಗೂಡದೆ ವಾಪಸ್ ಬಂದು, ಬರವಣಿಗೆಯಲ್ಲಿ ದೊಡ್ಡ ಹೆಸರು ಮಾಡಿದವನು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಗೊಥಾರ್ಡ್ ಯೋಜನೆಯ ಖರ್ಚು ಅಂದಾಜು ಮೀರಿ ಬೆಳೆದಾಗ ಎಲ್ಲರ ಬೆರಳು ಎಷರ್ ಕಡೆ ತಿರುಗಿತು. 1878ರಲ್ಲಿ ಆತ ಗೊಥಾರ್ಡ್ ಕಂಪನಿಯ ಅಧ್ಯಕ್ಷ ಸ್ಥಾನ ಬಿಡಬೇಕಾಯಿತು. ಹಾಗೆ ಒತ್ತಡ ಹಾಕಿದವರಲ್ಲಿ ಕೇಂದ್ರ ಸರ್ಕಾರದ ಪ್ರಬಲ ಮಂತ್ರಿ ಎಮಿಲ್ ವೆಲ್ಟಿ ಮುಖ್ಯ. ಎರಡು ವರ್ಷದ ಮೇಲೆ ಸುರಂಗದ ಎರಡು ತುದಿ ಕೂಡಿದ ಸಂಭ್ರಮಕ್ಕೆ ಎಷರ್‌ಗೆ ಕರೆಯೇ ಇರಲಿಲ್ಲ. 1882ರ ಡಿಸೆಂಬರ್ 6ರಂದು ಆತ ತೀರಿಕೊಂಡ. 24 ವರ್ಷದ ಲಿಡಿಯಾ ಸ್ವಿಟ್ಜರ್‌ಲೆಂಡಿನ ಅತಿ ಶ್ರೀಮಂತ ಹೆಣ್ಣುಮಕ್ಕಳಲ್ಲಿ ಒಬ್ಬಳಾದಳು.

ಅಪ್ಪ ಹೋಗಿ ತಿಂಗಳು ತುಂಬುವ ಮೊದಲೇ, 1883ರ ಜನವರಿ 4ರಂದು, ಆಕೆ ಮದುವೆಯಾದಳು. ಹುಡುಗ ಯಾರು ಗೊತ್ತೇ? ಅಪ್ಪನನ್ನು ಕುರ್ಚಿಯಿಂದ ಇಳಿಸಿದ ಅದೇ ಎಮಿಲ್ ವೆಲ್ಟಿಯ ಮಗ, ಫ್ರೀಡ್ರಿಕ್ ಎಮಿಲ್ ವೆಲ್ಟಿ. ಆ ಕಾಲದ ಜ್ಯೂರಿಕ್ ಕಾನೂನಿನಲ್ಲಿ ಮದುವೆಯಾದ ಹೆಣ್ಣು ಗಂಡನ ಪಾಲನೆಗೆ ಒಳಪಟ್ಟವಳು. ಆಕೆಯ ಆಸ್ತಿಯ ಆಡಳಿತವೂ ಗಂಡನದೇ. ಅಪ್ಪನ ಕಾಗದಪತ್ರಗಳನ್ನೆಲ್ಲ ನೋಡಿಕೊಂಡಿದ್ದ ಹುಡುಗಿಗೆ ತನ್ನ ದುಡ್ಡಿನ ಲೆಕ್ಕವನ್ನು ಇನ್ನೊಬ್ಬರು ಬರೆಯುವುದನ್ನು ನೋಡುವ ಸ್ಥಿತಿ. ಗಂಡ ಕಚೇರಿ, ಸಭೆ, ಕಂಪನಿಗಳಲ್ಲಿ ಮುಳುಗಿದ. ಆಕೆ ಅದೇ ದೊಡ್ಡ ಮನೆಯಲ್ಲಿ ಒಂಟಿಯಾದಳು.

ರೋಮ್‌ನಲ್ಲಿ ನಡೆದದ್ದು

ಗಂಡನ ಶಾಲಾ ಗೆಳೆಯ ಕಾರ್ಲ್ ಸ್ಟೌಫರ್ ಎಂಬ ಕಲಾವಿದ. ಬರ್ನ್ ಕಡೆಯವನಾದ್ದರಿಂದ ಸ್ಟೌಫರ್-ಬರ್ನ್ ಎಂದೇ ಹೆಸರು. ಬರ್ಲಿನ್‌ನಲ್ಲಿ ಭಾವಚಿತ್ರ ಬರೆದು ಹೆಸರು ಮಾಡಿದ್ದ, ಎಚಿಂಗ್ ಕಲೆಯಲ್ಲಿ ಕೈ ಪಳಗಿದವ. 1886ರಲ್ಲಿ ಬೆಲ್ವುವಾರ್‌ಗೆ ಬಂದು ಲಿಡಿಯಾಳ ಭಾವಚಿತ್ರ ಬರೆದ. ಅದೇ ವರ್ಷ ಗಾಟ್‌ಫ್ರೀಡ್ ಕೆಲ್ಲರ್‌ನ ಭಾವಚಿತ್ರವನ್ನೂ ಬರೆದ. 1888ರಲ್ಲಿ ಶಿಲ್ಪ ಕಲಿಯಬೇಕೆಂದು ರೋಮ್‌ಗೆ ಹೊರಟಾಗ ಖರ್ಚಿಗೆ ಆಸರೆಯಾದದ್ದು ವೆಲ್ಟಿ ದಂಪತಿಯ ಹಣ. ಕಲೆಗೆ ಹಣ ಕೊಡುವ ಕೆಲಸದಲ್ಲಿ ಲಿಡಿಯಾಳ ಮೊದಲ ಹೆಜ್ಜೆ ಇದೇ ಎನ್ನಬಹುದು.

1889ರ ಶರತ್ಕಾಲದಲ್ಲಿ ವೆಲ್ಟಿ ದಂಪತಿ ಫ್ಲಾರೆನ್ಸ್‌ಗೆ ಹೋದರು. ಸ್ಟೌಫರ್ ಅಲ್ಲಿಗೆ ಬಂದ. ಕೆಲಸದ ಮೇಲೆ ಗಂಡ ಊರಿಗೆ ಹಿಂದಿರುಗಿದ. ಉಳಿದ ಇಬ್ಬರ ಸ್ನೇಹ ಪ್ರೀತಿಯಾಗಿ, ನವೆಂಬರ್‌ನಲ್ಲಿ ಇಬ್ಬರೂ ರೋಮ್‌ಗೆ ಹೊರಟುಹೋದರು. ಆಕೆಗೆ 31, ಆತನಿಗೆ 32.

ಮದುವೆಯಾದ ಹೆಣ್ಣು ಹಾಗೆ ಮಾಡಿದ್ದು ಸರಿಯೇ ತಪ್ಪೇ ಎಂದು ನಮ್ಮ ಹಾಸ್ಟೆಲ್ ರೂಮಿನಲ್ಲಿ ಇಡೀ ರಾತ್ರಿ ಜಗಳ ಮಾಡಬಹುದು. ನನಗೆ ಮುಖ್ಯ ಅನ್ನಿಸಿದ್ದು ಆಮೇಲೆ ನಡೆದದ್ದು. ಮನೆತನದ ಮರ್ಯಾದೆಯ ಪ್ರಶ್ನೆ ಬಂದಾಗ ಇಡೀ ಸರ್ಕಾರವೇ ಒಂದು ಕುಟುಂಬದ ಕೈಯಾಳಿನಂತೆ ಓಡಾಡಿತು. ರೋಮ್‌ನಲ್ಲಿ ಸ್ವಿಸ್ ರಾಯಭಾರಿಯಾಗಿದ್ದವನು ಸಿಮಿಯೋನ್ ಬಾವಿಯರ್. ಮೂಲತಃ ರೈಲ್ವೆ ಎಂಜಿನಿಯರ್, ಗೊಥಾರ್ಡ್ ಮಾರ್ಗ ಉದ್ಘಾಟನೆಯಾದ 1882ರಲ್ಲಿ ದೇಶದ ಅಧ್ಯಕ್ಷನಾಗಿದ್ದವನು, ಮಾವ ವೆಲ್ಟಿಯ ಹಳೆಯ ಸಹೋದ್ಯೋಗಿ. ರಾಯಭಾರ ಕಚೇರಿಯ ಪ್ರಭಾವದಿಂದ ಇಟಲಿಯ ಪೊಲೀಸರು ಸ್ಟೌಫರ್‌ನನ್ನು ಹಿಡಿದು ಜೈಲಿಗೆ ಹಾಕಿದರು. ಅಪಹರಣ, ಬುದ್ಧಿ ಸ್ವಾಧೀನದಲ್ಲಿಲ್ಲದ ಹೆಣ್ಣಿನ ಮೇಲೆ ಅತ್ಯಾಚಾರ ಎಂಬ ಆರೋಪಗಳು.

ಗಮನಿಸಿ. ಆತನ ಮೇಲಿನ ಆರೋಪ ನಿಲ್ಲಬೇಕಾದರೆ ಆಕೆ ಹುಚ್ಚಿಯಾಗಿರಲೇಬೇಕು. ತನ್ನಿಷ್ಟದಿಂದ ಬಂದೆ ಎಂದು ಆಕೆ ಹೇಳಿದರೆ ಕೇಸೇ ಇಲ್ಲ. ಹಾಗಾಗಿ ಲಿಡಿಯಾಳನ್ನು ರೋಮ್‌ನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಸುಮಾರು ನಾಲ್ಕು ತಿಂಗಳು ಆಕೆ ಅಲ್ಲಿದ್ದಳು.

ಆಸ್ಪತ್ರೆಯ ವೈದ್ಯರು ಆಕೆಯನ್ನು ಮಾತಾಡಿಸಿದರು, ಪ್ರಶ್ನೆ ಕೇಳಿದರು, ವಾರಗಟ್ಟಲೆ ಗಮನಿಸಿದರು. 1890ರ ಮೇ ತಿಂಗಳಲ್ಲಿ ಅವರು ಬರೆದ ವರದಿ ಆಕೆಗೆ ಹುಚ್ಚಿಲ್ಲ ಎಂದಿತು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು. ಜೈಲಿನಿಂದ ಬಿಡುಗಡೆಯಾದ ಸ್ಟೌಫರ್ ಮನಸ್ಸಿನ ನೆಮ್ಮದಿ ಪೂರ್ತಿ ಕಳೆದುಕೊಂಡಿದ್ದ. 1891ರ ಜನವರಿ 24ರಂದು ಫ್ಲಾರೆನ್ಸ್‌ನಲ್ಲಿ ನಿದ್ರೆಯ ಔಷಧಿ ಅತಿಯಾಗಿ ಸತ್ತ. ಲಿಡಿಯಾಳ ವಿಚ್ಛೇದನ 1890ರಲ್ಲೇ ಮುಗಿದಿತ್ತು. ಗಂಡನಿಗೆ ಆಕೆ ಕೊಡಬೇಕಾಗಿ ಬಂದ ಪರಿಹಾರ 12 ಲಕ್ಷ ಫ್ರಾಂಕ್. ಆಸ್ಪತ್ರೆಗೆ ಸೇರಿಸಲ್ಪಟ್ಟವಳು ಆಕೆ, ಪರಿಹಾರ ಕಟ್ಟಿದವಳೂ ಆಕೆ! ಜ್ಯೂರಿಕ್‌ನ ದೊಡ್ಡ ಮನೆಗಳ ಬಾಗಿಲುಗಳು ಮುಚ್ಚಿಕೊಂಡವು. ಆಕೆ ಜಿನೀವಾದ ಹೊರವಲಯ ಶಾಂಪೆಲ್‌ಗೆ ಹೋಗಿ ಒಂಟಿಯಾಗಿ ನೆಲೆಸಿದಳು.

ಉಳಿದ ಆಸ್ತಿಗೆ ಒಂದು ದಾರಿ

ಇಷ್ಟೆಲ್ಲ ಆದವರು ಸಾಮಾನ್ಯವಾಗಿ ದೇಶದ ಮೇಲೇ ಮುನಿಸಿಕೊಳ್ಳುತ್ತಾರೆ. ಲಿಡಿಯಾ ಅದೇ 1890ರಲ್ಲಿ ತನ್ನ ಬಳಿ ಉಳಿದಿದ್ದ ಬಹುತೇಕ ಎಲ್ಲವನ್ನೂ, ಹುಟ್ಟಿ ಬೆಳೆದ ಬೆಲ್ವುವಾರ್ ಬಂಗಲೆ, ಷೇರು, ಬಾಂಡ್‌ಗಳ ಸಮೇತ, ಸ್ವಿಸ್ ಒಕ್ಕೂಟ ಸರ್ಕಾರಕ್ಕೆ ಬರೆದುಕೊಟ್ಟು ಒಂದು ಪ್ರತಿಷ್ಠಾನ ಸ್ಥಾಪಿಸಿದಳು. ಆ ಹಣದ ಆದಾಯದಿಂದ ಮಹತ್ವದ ಕಲಾಕೃತಿಗಳನ್ನು ಕೊಳ್ಳಬೇಕು, ಅವು ಸ್ವಿಟ್ಜರ್‌ಲೆಂಡಿನ ಮ್ಯೂಸಿಯಂಗಳಲ್ಲಿ ಜನರ ಕಣ್ಣಿಗೆ ಸಿಗಬೇಕು. ಹುಚ್ಚಿ ಎಂದು ಕರೆಸಿಕೊಂಡ ಹೆಣ್ಣು ಅದೇ ವರ್ಷ ಮಾಡಿದ ವ್ಯವಸ್ಥೆ ಇದು. ನಾನು ಓದಿದ ಯಾವ ವೈದ್ಯಕೀಯ ವರದಿಗಿಂತ ಇದು ಗಟ್ಟಿ ಸಾಕ್ಷಿ ಅನ್ನಿಸಿತು.

ಹೊಟ್ಟೆ ಉರಿಸುವ ಎರಡು ಸಂಗತಿ ಇಲ್ಲಿವೆ. ಪ್ರತಿಷ್ಠಾನಕ್ಕೆ ಆಕೆ ಮೊದಲು ಯೋಚಿಸಿದ್ದು ವೆಲ್ಟಿ-ಎಷರ್ ಎಂಬ ತನ್ನ ಹೆಸರನ್ನೇ. ಮಾಜಿ ಮಾವ ಎಮಿಲ್ ವೆಲ್ಟಿ ಇನ್ನೂ ಮಂತ್ರಿ. ಆತನ ಸಲಹೆಯಂತೆ ಅದಕ್ಕೆ ಗಾಟ್‌ಫ್ರೀಡ್ ಕೆಲ್ಲರ್ ಪ್ರತಿಷ್ಠಾನ ಎಂದು ಹೆಸರಾಯಿತು. ಕೆಲ್ಲರ್ ದೊಡ್ಡ ಲೇಖಕ, ಆ ಮನೆಗೆ ಬೇಕಾದವನು, ಆ ವರ್ಷವೇ ಜುಲೈನಲ್ಲಿ ತೀರಿಕೊಂಡ. ಆತನ ಮೇಲೆ ನನಗೆ ಕೋಪವಿಲ್ಲ. ಆದರೆ ಆ ಪ್ರತಿಷ್ಠಾನಕ್ಕೆ ಹಣ ಹಾಕಿದವನು ಆತನಲ್ಲ. ಎರಡನೆಯದು ನನಗೆ ಇನ್ನೂ ಚುಚ್ಚಿತು. ಹೆಣ್ಣುಮಕ್ಕಳು ಸ್ವಂತ ಕಾಲ ಮೇಲೆ ನಿಲ್ಲಲು, ಕನಿಷ್ಠ ಕರಕುಶಲ ಕಲೆಗಳ ಕ್ಷೇತ್ರದಲ್ಲಾದರೂ, ಈ ಹಣ ನೆರವಾಗಬೇಕು ಎಂಬ ಆಸೆಯೂ ಲಿಡಿಯಾಗಿತ್ತು. ಆ ಮಾತು ದಾನಪತ್ರದಲ್ಲಿ ಸೇರಲೇ ಇಲ್ಲ. ಅದನ್ನು ಕೈಬಿಡಿಸಿದವನೂ ಮಾಜಿ ಮಾವನೇ.

ಸ್ವಿಟ್ಜರ್‌ಲೆಂಡಿನ ಹೆಣ್ಣುಮಕ್ಕಳಿಗೆ ಕೇಂದ್ರ ಮಟ್ಟದಲ್ಲಿ ಮತ ಹಾಕುವ ಹಕ್ಕು ಸಿಕ್ಕಿದ್ದು 1971ರಲ್ಲಿ. ಗಂಡನೇ ಸಂಸಾರದ ಯಜಮಾನ ಎಂಬ ಹಳೆಯ ಕಾನೂನು ಹೋಗಿ ಸಮಾನತೆಯ ವಿವಾಹ ಕಾನೂನು ಬಂದದ್ದು 1988ರಲ್ಲಿ. ನಮ್ಮಮ್ಮನ ವಯಸ್ಸಿನವರು ಶಾಲೆಗೆ ಹೋಗುತ್ತಿದ್ದ ಕಾಲ! ಲಿಡಿಯಾಳ ಆ ಒಂದು ಸಾಲು ದಾನಪತ್ರದಲ್ಲಿ ಉಳಿದಿದ್ದರೆ ಎಷ್ಟು ಹುಡುಗಿಯರ ಕೈಗೆ ಕೆಲಸ ಸಿಗುತ್ತಿತ್ತೋ.

1891ರ ಡಿಸೆಂಬರ್ 6ರಂದು ರೈಲ್ವೆ ಕಂಪನಿಯೊಂದನ್ನು ಸರ್ಕಾರ ಕೊಳ್ಳುವ ವೆಲ್ಟಿಯ ಪ್ರಸ್ತಾಪವನ್ನು ಮತದಾರರು ತಿರಸ್ಕರಿಸಿದರು. ಆತ ರಾಜೀನಾಮೆ ಕೊಟ್ಟ. ಅದೇ ವಾರ, ಡಿಸೆಂಬರ್ 12ರಂದು, ಶಾಂಪೆಲ್‌ನ ಮನೆಯಲ್ಲಿ ಲಿಡಿಯಾ ತನ್ನ ಜೀವವನ್ನು ತಾನೇ ಕೊನೆಗೊಳಿಸಿಕೊಂಡಳು. ವಿವರ ಬೇಡ. ಆಕೆಗೆ 33 ವರ್ಷ. ಸ್ಟೌಫರ್ ಸತ್ತಾಗ ಆತನಿಗೂ 33.

ಮರುವರ್ಷವೇ ಜರ್ಮನ್ ವಿಮರ್ಶಕ ಓಟ್ಟೊ ಬ್ರಾಮ್ ಸ್ಟೌಫರ್‌ನ ಬದುಕು, ಪತ್ರ, ಕವಿತೆಗಳನ್ನು ಸೇರಿಸಿ ಪುಸ್ತಕ ತಂದ. ಲಿಡಿಯಾಳ ಕಡೆಯ ದಾಖಲೆಗಳನ್ನು ಒಟ್ಟುಗೂಡಿಸಿದ ಪುಸ್ತಕವನ್ನು ಇತಿಹಾಸಕಾರ ಜೋಸೆಫ್ ಯುಂಗ್ ಹೊರತಂದದ್ದು 2009ರಲ್ಲಿ. ಅಷ್ಟು ವರ್ಷ ಆಕೆ ಬಹುಮಟ್ಟಿಗೆ ಒಬ್ಬ ಕಲಾವಿದನ ದುರಂತ ಕತೆಯಲ್ಲಿ ಬಂದುಹೋಗುವ ಶ್ರೀಮಂತ ಹೆಂಗಸಾಗಿಯೇ ಇದ್ದಳು.

ಆ ಹಣ ಏನು ಮಾಡಿತು?

ಈಗ ಖುಷಿಯ ಭಾಗ. ಪ್ರತಿಷ್ಠಾನ ಇವತ್ತಿಗೂ ಇದೆ, ಕೇಂದ್ರ ಸರ್ಕಾರದ ಸಂಸ್ಕೃತಿ ಇಲಾಖೆ ಅದನ್ನು ನೋಡಿಕೊಳ್ಳುತ್ತದೆ. ಅದು ಸಂಗ್ರಹಿಸಿದ ಕೃತಿಗಳು 6,000ಕ್ಕೂ ಹೆಚ್ಚು. ಎಲ್ಲವನ್ನೂ ರಾಜಧಾನಿಯ ಒಂದೇ ಕಟ್ಟಡದಲ್ಲಿ ತುಂಬಿಟ್ಟಿಲ್ಲ. ದೇಶದ ಬೇರೆ ಬೇರೆ ಊರಿನ ಮ್ಯೂಸಿಯಂಗಳಿಗೆ ಸಾಲವಾಗಿ ಕೊಟ್ಟಿದ್ದಾರೆ. ಸಣ್ಣ ಊರಿನ ಹುಡುಗನೂ ತನ್ನೂರಲ್ಲೇ ಒಳ್ಳೆಯ ಚಿತ್ರ ನೋಡಬಹುದು. ಎಲ್ಲ ಒಳ್ಳೆಯದೂ ರಾಜಧಾನಿಯಲ್ಲೇ ಇರುವುದನ್ನು ಕಂಡ ಜಿಲ್ಲೆಯ ಹುಡುಗರಿಗೆ ಈ ಏರ್ಪಾಡಿನ ಬೆಲೆ ಬೇಗ ಅರ್ಥವಾಗುತ್ತದೆ.

ಎರಡು ಉದಾಹರಣೆ ನನಗೆ ಬಹಳ ಇಷ್ಟ. ಜೊವಾನಿ ಸೆಗಾಂಟಿನಿ ಎಂಬ ಕಲಾವಿದ ಆಲ್ಪ್ಸ್‌ನ ಬೆಳಕನ್ನು ಹಿಡಿಯಬೇಕೆಂದು ಬೆಟ್ಟದ ಮೇಲೇ ಹೋಗಿ ಚಿತ್ರ ಬರೆಯುತ್ತಿದ್ದವನು. ಬದುಕು, ಪ್ರಕೃತಿ, ಸಾವು ಎಂಬ ಮೂರು ಬೃಹತ್ ಚಿತ್ರಗಳ ಮೇಲೆ ಕೆಲಸ ಮಾಡುತ್ತಿದ್ದಾಗಲೇ 1899ರಲ್ಲಿ ಶಾಫ್‌ಬರ್ಗ್ ಬೆಟ್ಟದ ಮೇಲೆ ಕಾಯಿಲೆ ಬಿದ್ದು ಸತ್ತ. ಆ ಮೂರೂ ಚಿತ್ರಗಳು ಈಗ ಸೇಂಟ್ ಮೊರಿಟ್ಜ್‌ನ ಸೆಗಾಂಟಿನಿ ಮ್ಯೂಸಿಯಂನಲ್ಲಿ ಒಟ್ಟಿಗೆ ಇವೆ, ಆತ ನೋಡುತ್ತಿದ್ದ ಬೆಟ್ಟಗಳ ನಡುವೆಯೇ. ಅವು ಇದೇ ಪ್ರತಿಷ್ಠಾನದ ಸಂಗ್ರಹಕ್ಕೆ ಸೇರಿದವು.

ಇನ್ನೊಂದು ಸೇಂಟ್ ಅರ್ಬನ್ ಮಠದ್ದು. ಲೂಸರ್ನ್ ಪ್ರಾಂತ್ಯದ ಈ ಹಳೆಯ ಮಠದ ಚರ್ಚಿನಲ್ಲಿ ಸನ್ಯಾಸಿಗಳು ಕೂತು ಪ್ರಾರ್ಥನೆ ಮಾಡುವ ಮರದ ಆಸನಗಳಿದ್ದವು. 18ನೇ ಶತಮಾನದ ಆರಂಭದ, ಇಂಚಿಂಚೂ ಕೆತ್ತನೆ ತುಂಬಿದ ಕೆಲಸ. ಸರ್ಕಾರ ಮಠವನ್ನು ಮುಚ್ಚಿಸಿದ ಮೇಲೆ 1850ರ ದಶಕದಲ್ಲಿ ಇವು ಮಾರಾಟವಾಗಿ ಸ್ಕಾಟ್‌ಲೆಂಡ್ ಸೇರಿದವು. 1911ರಲ್ಲಿ ಪ್ರತಿಷ್ಠಾನ ಅವನ್ನು ಕೊಂಡು ವಾಪಸ್ ತಂದು ಮೊದಲು ಇದ್ದ ಜಾಗದಲ್ಲೇ ಜೋಡಿಸಿತು. ದೇಶದಾಚೆ ಹೋದ ಕಲೆ ಮನೆಗೆ ಮರಳುವುದು ಅಪರೂಪ ಎಂದು ನಮಗೆ ಚೆನ್ನಾಗಿ ಗೊತ್ತು. ರೈನ್ ನದಿ ದಂಡೆಯ ಸ್ಟೈನ್ ಊರಿನ ಸೇಂಟ್ ಜಾರ್ಜ್ ಮಠವನ್ನಂತೂ 1920ರ ದಶಕದಲ್ಲಿ ಕಟ್ಟಡ ಸಮೇತ ಕೊಂಡರು. ಈಗ ಅದು ಮ್ಯೂಸಿಯಂ.

ಒಂದು ಕಹಿ ವಿಷಯವನ್ನೂ ಹೇಳಬೇಕು. ಈ ಕುಟುಂಬದ ಹಣವೆಲ್ಲ ರೈಲು, ಬ್ಯಾಂಕ್‌ಗಳಿಂದಲೇ ಬಂದದ್ದಲ್ಲ. ಅಜ್ಜ ಹೈನ್ರಿಕ್ ಎಷರ್ ಅಮೆರಿಕದ ವ್ಯಾಪಾರದಲ್ಲಿ ದುಡ್ಡು ಮಾಡಿದವನು. ಅವನ ತಮ್ಮನೊಬ್ಬ ಕ್ಯೂಬಾದಲ್ಲಿ ಗುಲಾಮರನ್ನು ದುಡಿಸುವ ಕಾಫಿ ತೋಟ ಇಟ್ಟುಕೊಂಡಿದ್ದ. 80ಕ್ಕೂ ಹೆಚ್ಚು ಗುಲಾಮರು. ತಮ್ಮ ಸತ್ತ ಮೇಲೆ ಅದು ಅಜ್ಜನ ಪಾಲಿಗೆ ಬಂದು, 1846ರಲ್ಲಿ ಮಾರಾಟವಾಯಿತು. ಲಿಡಿಯಾ ಹುಟ್ಟುವ ಮೊದಲಿನ ಮಾತು, ಆಕೆಯ ತಪ್ಪಲ್ಲ. ಆದರೂ ಸುರಂಗದಲ್ಲಿ ಸತ್ತ ಇಟಲಿಯ ಕೂಲಿಗಳು, ಕ್ಯೂಬಾದ ಗುಲಾಮರು, ಬಂಗಲೆಯ ತೋಟ, ಸೆಗಾಂಟಿನಿಯ ಚಿತ್ರ ಎಲ್ಲವೂ ಎಲ್ಲೋ ಒಂದು ಲೆಕ್ಕಪುಸ್ತಕದಲ್ಲಿ ಹತ್ತಿರ ಬರುತ್ತವೆ ಎಂಬುದು ನನ್ನನ್ನು ಕಾಡಿತು. ಜ್ಯೂರಿಕ್‌ನಲ್ಲೂ ಈಗ ಈ ಬಗ್ಗೆ ಚರ್ಚೆ ನಡೆಯುತ್ತಿದೆ. ಗೆಳೆಯನೊಬ್ಬ, ಹಾಗಾದರೆ ಆಕೆಯನ್ನು ಯಾಕೆ ಹೊಗಳುತ್ತೀಯ ಎಂದು ಕೇಳಿದ. ಕೈಗೆ ಬಂದ ಹಣವನ್ನು ಎಲ್ಲರೂ ನೋಡಬಹುದಾದ ವಸ್ತುವಾಗಿ ಮಾಡಿಟ್ಟು ಹೋದಳಲ್ಲ, ಅದಕ್ಕೆ ಎಂದೆ. ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಅಪ್ಪನಿಗೆ ಜ್ಯೂರಿಕ್‌ನ ಮುಖ್ಯ ರೈಲು ನಿಲ್ದಾಣದ ಎದುರು, ಶಿಲ್ಪಿ ರಿಚರ್ಡ್ ಕಿಸ್ಲಿಂಗ್ ಮಾಡಿದ ದೊಡ್ಡ ಪ್ರತಿಮೆ ಇದೆ. ಅದು ಎದ್ದು ನಿಂತದ್ದು 1889ರಲ್ಲಿ, ಮಗಳು ಆಸ್ಪತ್ರೆ ಸೇರಿದ ಅದೇ ವರ್ಷ. ಬೆಲ್ವುವಾರ್ ತೋಟ ಈಗ ಸಾರ್ವಜನಿಕ ಪಾರ್ಕ್. ಮಗಳ ಹೆಸರು ಬಹಳ ತಡವಾಗಿ ಬಂತು. ಜ್ಯೂರಿಕ್‌ನ ಕಲಾ ಮ್ಯೂಸಿಯಂ ಕುನ್ಸ್ಟ್‌ಹೌಸ್ ಬಳಿಯ ಒಂದು ಅಂಗಳವನ್ನು ಈಗ ಲಿಡಿಯಾ ವೆಲ್ಟಿ-ಎಷರ್ ಅಂಗಳ ಎಂದು ಕರೆಯುತ್ತಾರೆ. ಇಟಿಎಚ್‌ನ ಮುಖ್ಯ ಕಟ್ಟಡದಿಂದ ಅಲ್ಲಿಗೆ ನಡೆದೇ ಹೋಗಬಹುದು. ನಿಮ್ಮಲ್ಲಿ ಯಾರಿಗಾದರೂ ಅಲ್ಲಿ ಸೀಟು ಸಿಕ್ಕಿದರೆ ಒಂದು ಭಾನುವಾರ ಹೋಗಿ ಬನ್ನಿ. ಚಿತ್ರಗಳ ಪಕ್ಕದ ಸಣ್ಣ ಫಲಕಗಳನ್ನೂ ಓದಿ. ಗಾಟ್‌ಫ್ರೀಡ್ ಕೆಲ್ಲರ್ ಪ್ರತಿಷ್ಠಾನ ಎಂದು ಬರೆದಿದ್ದರೆ, ಅದು ಯಾರ ದುಡ್ಡು ಎಂದು ಪಕ್ಕದಲ್ಲಿ ನಿಂತವರಿಗೆ ಹೇಳಿ.